ತಾರಸಿಯಿಂದ ಮಂಚಕ್ಕೆ ಒಂದು ತಂತಿ

ಎಲ್ಲರೂ ಅವಳನ್ನು ಕಾಯಿಲಕ್ಕ ಎನ್ನುತ್ತಿದ್ದರು. ಮೋಟಾರು ರಿಪೇರಿ ಅಂಗಡಿಯಲ್ಲಿ ಸುಟ್ಟ ಕಾಯಿಲು, ಎಂದರೆ ತಾಮ್ರದ ತಂತಿಯ ಸುರುಳಿ, ಬಿಚ್ಚಿ ಹೊಸದನ್ನು ಸುತ್ತುವುದು ಅವಳ ಕೆಲಸ. ಹೆಸರು ಬಂದದ್ದು ಅಲ್ಲಿಂದ. ಬೀದಿಗೆ ಹೊಸದಾಗಿ ಬಂದವರು ಅದನ್ನು ‘ಕಾಯಿಲೆ ಅಕ್ಕ’ ಎಂದು ಕೇಳಿಸಿಕೊಂಡು, ಏನಮ್ಮ ನಿಮಗೆ ತೊಂದರೆ ಎಂದು ಮರುಕದಿಂದ ವಿಚಾರಿಸುತ್ತಿದ್ದರು. ಮೊದಮೊದಲು ಬಿಡಿಸಿ ಹೇಳುತ್ತಿದ್ದಳು. ಆಮೇಲೆ ಅದೂ ಬೇಸರವಾಗಿ, ಇದ್ದದ್ದೇ ಬಿಡಿ ಎಂದು ಮುಂದೆ ಹೋಗಿಬಿಡುತ್ತಿದ್ದಳು.

ಅಂಗಡಿ ಎಂದರೆ ಉದ್ದನೆಯ, ಒಂದೇ ಬಾಗಿಲಿನ ಕೋಣೆ. ಕಾಲಿಟ್ಟರೆ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನೆಲದ ತುಂಬ ಹೊಟ್ಟೆ ಬಗೆದ ನೀರಿನ ಪಂಪು, ಫ್ಯಾನು, ಗ್ರೈಂಡರುಗಳು. ಬೆಳಕಿಗೆಂದು ಅವಳು ಬಾಗಿಲ ಪಕ್ಕ ಗಿಡ್ಡ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಎಡಗೈಯಲ್ಲಿ ತಂತಿ, ಬಲಗೈಯಲ್ಲಿ ಸುತ್ತುವ ಹಿಡಿಕೆ, ಬಾಯಲ್ಲಿ ಎಣಿಕೆ. ಆಗ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಎಣಿಕೆ ತಪ್ಪಿದರೆ ಮೊದಲಿಂದ ಸುತ್ತಬೇಕು. ಸಂಜೆ ಮನೆಗೆ ಹೋದಾಗ ಕೂದಲಲ್ಲಿ, ಚಪ್ಪಲಿಯ ಸಂದಿಯಲ್ಲಿ ತಾಮ್ರದ ಚೂರುಗಳು ಸಿಗುತ್ತಿದ್ದವು.

ಹರೆಯದಲ್ಲಿ ಆ ಸ್ಟೂಲಿನ ಮೇಲೆ ಕೂತವಳು ಮಂಡಿ ಸವೆಯುವವರೆಗೂ ಏಳಲಿಲ್ಲ. ತಂತಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ, ಅದರ ಗೇಜು, ಅಂದರೆ ದಪ್ಪ, ಇಷ್ಟು ಎಂದು ಹೇಳಿಬಿಡುತ್ತಿದ್ದಳು. ಯಜಮಾನರು ಗಿರಾಕಿಗಳ ಎದುರು ಅದನ್ನೊಂದು ಚಮತ್ಕಾರದಂತೆ ತೋರಿಸುತ್ತಿದ್ದರು. ಆದರೆ ಯಾವ ತಂತಿ ಹಾಕಬೇಕೆಂದು ಅವಳು ಯಾವತ್ತೂ ತೀರ್ಮಾನ ಮಾಡಿದವಳಲ್ಲ. ಸುಟ್ಟ ಕಾಯಿಲಿನಲ್ಲಿ ಯಾವ ದಪ್ಪದ ತಂತಿ ಇತ್ತೋ ಅದೇ ದಪ್ಪ, ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು. ಮೊದಲು ಯಾರೋ ಎಲ್ಲೋ ಕೂತು ಆರಿಸಿದ್ದನ್ನು ಅವಳು ಮತ್ತೆ ಸುತ್ತುತ್ತಿದ್ದಳು, ಅಷ್ಟೇ. ಇದು ಅವಳಿಗೆ ಹೊಳೆದದ್ದು ಬಹಳ ತಡವಾಗಿ, ಗಂಡ ಹಾಸಿಗೆ ಹಿಡಿದ ಮೇಲೆ.

ಗಂಡ ಬಸ್ಸಿನ ಡ್ರೈವರಾಗಿದ್ದ. ಮಾತುಗಾರ. ಮಕ್ಕಳಿಲ್ಲದ ಮನೆಯಲ್ಲಿ ಗಲಾಟೆಗೆ ಕೊರತೆ ಇರಲಿಲ್ಲ ಎಂದರೆ ಅದಕ್ಕೆ ಅವನೊಬ್ಬನೇ ಕಾರಣ. ಒಂದು ದಿನ ಡಿಪೋದಲ್ಲಿ ಬಸ್ಸಿನ ಅಡಿ ನೋಡಲು ತೋಡಿದ್ದ ಗುಂಡಿಯ ಅಂಚಿನಲ್ಲಿ ಎಣ್ಣೆಯ ಮೇಲೆ ಕಾಲಿಟ್ಟು ಜಾರಿದ. ಬೆನ್ನು ಗುಂಡಿಯ ಮೆಟ್ಟಿಲಿಗೆ ಬಡಿಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕೈಗಳಲ್ಲಿ ಶಕ್ತಿ ಇತ್ತು, ನಾಲಿಗೆ ಮೊದಲಿನಷ್ಟೇ ಚುರುಕಾಗಿತ್ತು, ಸೊಂಟದಿಂದ ಕೆಳಗೆ ಮಾತ್ರ ಏನೂ ಇರಲಿಲ್ಲ. “ಅರ್ಧ ರಿಟೈರ್ ಆದೆ,” ಎಂದು ನೋಡಲು ಬಂದವರಿಗೆ ಹೇಳುತ್ತಿದ್ದ. ಬಂದವರು ನಗಬೇಕೋ ಬೇಡವೋ ತಿಳಿಯದೆ ಗೋಡೆ ನೋಡುತ್ತಿದ್ದರು.

ಸ್ಪರ್ಶವಿಲ್ಲದ ಮೈಗೆ ದೊಡ್ಡ ಶತ್ರು ಹಾಸಿಗೆಯೇ ಎಂದು ಡ್ರೆಸ್ಸಿಂಗಿಗೆ ಬರುತ್ತಿದ್ದ ನರ್ಸಮ್ಮ ತಿಳಿಸಿದ್ದಳು. ಒಂದೇ ಮಗ್ಗುಲಲ್ಲಿ ಹೆಚ್ಚು ಹೊತ್ತು ಬಿದ್ದರೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ನೋವಾಗದ ಕಾರಣ ಗೊತ್ತೂ ಆಗುವುದಿಲ್ಲ. ಅದಕ್ಕೆಂದು ಗಾಳಿ ಹಾಸಿಗೆ ತಂದರು. ಅದರ ಕೊಳವೆಗಳಿಗೆ ಒಂದು ಸಣ್ಣ ಪಂಪು ಸರದಿಯ ಮೇಲೆ ಗಾಳಿ ತುಂಬುತ್ತ, ಬಿಡುತ್ತ, ಮಂಚದ ಕೆಳಗೆ ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ಆ ಸದ್ದು ಇರುವವರೆಗೆ ಕಾಯಿಲಕ್ಕನಿಗೆ ಸಮಾಧಾನ. ಕರೆಂಟು ಹೋದರೆ ಸದ್ದೂ ಹೋಗುತ್ತಿತ್ತು, ಹಾಸಿಗೆ ಮೆಲ್ಲಗೆ ಸೊರಗಿ ಮೈ ಹಲಗೆಗೆ ತಾಕುತ್ತಿತ್ತು. ಅವರ ಬೀದಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರೇ ಇರಲಿಲ್ಲ. ಹೋದರೆ ಅರ್ಧ ದಿನ.

ಹಗಲು ಅವಳು ಅಂಗಡಿಯಲ್ಲಿ. ಮಧ್ಯಾಹ್ನ ಅವಳ ತಂಗಿ, ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವವಳು, ಬಂದು ಭಾವನಿಗೆ ಊಟ ಕೊಟ್ಟು, ಮಗ್ಗುಲು ತಿರುಗಿಸಿ ಹೋಗುತ್ತಿದ್ದಳು. ಕಾಯಿಲಕ್ಕ ಸಂಜೆ ಬಂದು ಮತ್ತೆ ತಿರುಗಿಸಬೇಕು. ಮಲಗಿದ ಮೇಲೂ ಎದ್ದೆದ್ದು ತಿರುಗಿಸಬೇಕು. ಬೆಳಗ್ಗೆ ಸ್ಟೂಲಿನ ಮೇಲೆ ಕೂತು ಎಣಿಸುವಾಗ ಎಣಿಕೆ ಎಲ್ಲಿಗೆ ಬಂತೆಂಬುದೇ ಮರೆತುಹೋಗುತ್ತಿತ್ತು. ಯಜಮಾನರು ಬೈಯಲಿಲ್ಲ. ಅವರಿಗೂ ಮೊದಲಿನ ಕೆಲಸವಿರಲಿಲ್ಲ. ಜನ ಸುಟ್ಟ ಮೋಟಾರು ಎಸೆದು ಹೊಸದು ತರುವುದನ್ನು ಕಲಿತಿದ್ದರು.

ಅವರೇ ಒಂದು ದಾರಿ ತೋರಿಸಿದರು. ಅವರ ಗುರುತಿನವರೊಬ್ಬರು ಅಂಗಡಿ ಮುಚ್ಚುವಾಗ ಒಂದು ಸೋಲಾರ್ ಪ್ಯಾನಲ್, ಅದರಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಕಂಟ್ರೋಲರ್ ಡಬ್ಬಿ, ಒಂದು ಪುಟ್ಟ ಇನ್ವರ್ಟರು ಉಳಿದಿದ್ದವು. ಬ್ಯಾಟರಿ ಒಂದನ್ನು ಹೊಂದಿಸಿಕೊಂಡರೆ ಕರೆಂಟು ಹೋದಾಗ ಪಂಪು, ಒಂದು ಫ್ಯಾನು, ಒಂದು ದೀಪ ನಡೆಯುತ್ತದೆ ಎಂದರು. ಪ್ಯಾನಲ್ಲನ್ನು ತಾರಸಿಯ ಮೇಲೆ ಕೂರಿಸಬೇಕು. ಕಾಯಿಲಕ್ಕನ ಬಾಡಿಗೆ ಮನೆ ಮೂರು ಅಂತಸ್ತಿನ ಕಟ್ಟಡದ ನೆಲ ಅಂತಸ್ತಿನಲ್ಲಿ. ಮೇಲಿಂದ ಕೆಳಗೆ ವೈರು ಎಳೆಯಬೇಕು. ಅಂಗಡಿಯ ಮೂಲೆಯಲ್ಲಿ ಮನೆ ವೈರಿಂಗಿಗೆ ಬಳಸುವ ಒಂದೂವರೆ ಎಂಎಂ ತಾಮ್ರದ ವೈರಿನ ಸುರುಳಿ ಬಿದ್ದಿತ್ತು. ಕಾಯಿಲಕ್ಕ ಅದನ್ನು ಎತ್ತಿ ನೋಡಿದಳು. ಪ್ಯಾನಲ್ಲಿನಿಂದ ಬರುವುದು ಹೆಚ್ಚೆಂದರೆ ಒಂಬತ್ತು ಆಂಪಿಯರ್; ಅಷ್ಟನ್ನು ಈ ವೈರು ಬಿಸಿಯೇ ಆಗದೆ ಹೊರುತ್ತದೆ ಎಂದು ಅವಳಿಗೆ ಗೊತ್ತು. ತಂತಿ ಸುಡಬಾರದು ಎನ್ನುವುದೇ ಅವಳ ಜೀವಮಾನದ ಲೆಕ್ಕ. ತೆಗೆದುಕೊಂಡು ಹೋದಳು.

ವೈರನ್ನು ಮೆಟ್ಟಿಲ ಗೋಡೆಗುಂಟ, ಪ್ರತಿ ಅಂತಸ್ತಿನಲ್ಲೂ ತಿರುವಿಕೊಂಡು ಕೆಳಗಿಳಿಸಿದಳು. ತಂಗಿ ಕ್ಲಿಪ್ಪು ಹಿಡಿದಳು, ಅಕ್ಕ ಮೊಳೆ ಹೊಡೆದಳು. ಮೊದಲ ಸಲ ಕರೆಂಟು ಹೋಗಿಯೂ ಪಂಪು ಗುಂಯ್‌ಗುಡುತ್ತಲೇ ಇದ್ದಾಗ ಗಂಡ ಮಲಗಿದಲ್ಲೇ ಎರಡೂ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿದಂತೆ ಮಾಡಿ, ರೈಟ್ ರೈಟ್ ಎಂದ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಬಿಸಿಲು ಕಣ್ಣು ಕುಕ್ಕುವಷ್ಟಿದ್ದರೂ ಬ್ಯಾಟರಿ ಪೂರ್ತಿ ತುಂಬುತ್ತಿರಲಿಲ್ಲ. ಮೊದಲು ಸಂಜೆಯವರೆಗೆ ಬರುತ್ತಿದ್ದದ್ದು ಮಧ್ಯಾಹ್ನಕ್ಕೇ ಕೈ ಕೊಡತೊಡಗಿತು. ಪ್ಯಾನಲ್ಲಿಗೆ ಧೂಳು ಕೂತಿರಬೇಕೆಂದು ಅವಳು ಸೊಂಟ ಹಿಡಿದುಕೊಂಡು ಮೂರು ಅಂತಸ್ತು ಹತ್ತಿ ಒರೆಸಿ ಬಂದಳು. ಏನೂ ಬದಲಾಗಲಿಲ್ಲ. ಬ್ಯಾಟರಿ ಕೆಟ್ಟಿರಬೇಕೆಂದು ತಳ್ಳುಗಾಡಿಯಲ್ಲಿ ಹೇರಿಸಿ ಬ್ಯಾಟರಿ ಅಂಗಡಿಗೆ ಒಯ್ದಳು. ಅಲ್ಲಿಯವನು ಒಂದು ದಿನ ಇಟ್ಟುಕೊಂಡು, ಚಾರ್ಜು ಮಾಡಿ, ಪರೀಕ್ಷಿಸಿ, ವಾಪಸು ಕೊಟ್ಟ.

“ಇದಕ್ಕೆ ರೋಗ ಏನಿಲ್ಲಮ್ಮ. ಹಸಿವು. ನಿಮ್ಮನೇಲಿ ಇದಕ್ಕೆ ಹೊಟ್ಟೆತುಂಬ ಸಿಗ್ತಿಲ್ಲ. ಹೀಗೇ ಅರೆಹೊಟ್ಟೇಲಿ ಇಟ್ರೆ ಆಮೇಲೆ ನಿಜವಾಗ್ಲೂ ಸಾಯುತ್ತೆ.”

ಯಾಕೆ ಸಿಗುತ್ತಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ. ನೋಡಬೇಕು ಅಂದುಕೊಂಡಳು. ಆ ವಾರ ಅಂಗಡಿಗೆ ರಿಪೇರಿಗೆಂದು ಒಂದು ದೊಡ್ಡ ನೀರಿನ ಪಂಪು ಬಂತು, ನೋಡುವುದು ಹಿಂದೆ ಬಿತ್ತು.

ರಜೆಯ ದಿನ ಮಧ್ಯಾಹ್ನ. ಅಂದು ತಂಗಿಗೆ ಬರಬೇಡ ಎಂದಿದ್ದಳು. ಗಂಡನಿಗೆ ಊಟ ಮಾಡಿಸಿ, ಮಗ್ಗುಲು ಬದಲಿಸಿ, ಪಾತ್ರೆ ತೊಳೆದಿಟ್ಟು, ಮಂಚದ ಪಕ್ಕ ಚಾಪೆಯ ಮೇಲೆ ಐದು ನಿಮಿಷ ಬೆನ್ನು ಚಾಚುತ್ತೇನೆಂದು ಮಲಗಿದಳು. ಆಮೇಲೆ ಅವಳಿಗೆ ಏನೂ ಗೊತ್ತಿಲ್ಲ. ಎಚ್ಚರವಾದಾಗ ಕಿಟಕಿಯ ಬಿಸಿಲು ಎದುರು ಗೋಡೆ ಹತ್ತಿ ಮಾಸಿತ್ತು. ಮನೆಯಲ್ಲಿ ಸದ್ದೇ ಇರಲಿಲ್ಲ. ಆ ನಿಶ್ಶಬ್ದ ಏನೆಂದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಕರೆಂಟು ಹೋಗಿತ್ತು, ಬ್ಯಾಟರಿಯೂ ಬರಿದಾಗಿತ್ತು. ಫ್ಯಾನು ನಿಂತಿತ್ತು. ಪಂಪು ನಿಂತಿತ್ತು. ಹಾಸಿಗೆ ಒದ್ದೆ ಬಟ್ಟೆಯಂತೆ ಹಲಗೆಗೆ ಅಂಟಿಕೊಂಡಿತ್ತು. ಗಂಡ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದ; ಹಣೆಯ ತುಂಬ ಬೆವರು.

“ಎಷ್ಟು ಹೊತ್ತಾಯ್ತು ನಿಂತು?”

“ಆಯ್ತು ಸ್ವಲ್ಪ.”

“ಎಬ್ಬಿಸಬಾರದಿತ್ತಾ?”

ಅವನು ಅಂಗೈಯಿಂದ ಹಣೆಯ ಬೆವರು ಒರೆಸಿಕೊಂಡ. ಆಮೇಲೆ, “ಗೊರಕೆ ಹೊಡೀತಿದ್ದೆ. ನೀನು ಗೊರಕೆ ಹೊಡೆದು ಎಷ್ಟು ಕಾಲ ಆಗಿತ್ತು. ಕೇಳ್ತಾ ಇದ್ದೆ,” ಎಂದ. “ನಂಗೇನು ನೋವಾ ಗೀವಾ? ಇರ್ಲಿ ಮಲಗ್ಲಿ ಅಂದ್ಕೊಂಡೆ.”

ಅವಳು ಅವನನ್ನು ಹೊರಳಿಸಿ ನೋಡಿದಳು. ಸೊಂಟದ ಮೂಳೆಯ ಮೇಲೆ ಅಂಗೈ ಅಗಲದ ಕೆಂಪು. ಅದರ ನಡುವೆ ಚರ್ಮ ಕಪ್ಪಿಟ್ಟಿತ್ತು. ಒತ್ತಿದರೆ ಬಣ್ಣ ತಿರುಗಲಿಲ್ಲ. ಮರುದಿನ ನರ್ಸಮ್ಮ ನೋಡಿ, ಇದು ಒಡೆಯುತ್ತದೆ, ವಾಸಿಯಾಗಲು ತಿಂಗಳುಗಳೇ ಬೇಕಾದೀತು ಎಂದಳು. ಕಾಯಿಲಕ್ಕ ಗಂಡನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ಅವನ ಮೇಲೋ ತನ್ನ ನಿದ್ದೆಯ ಮೇಲೋ ಅವಳಿಗೇ ಸ್ಪಷ್ಟವಿರಲಿಲ್ಲ. ತನಗೆ ಒಂದು ನಿದ್ದೆ ಸಿಗಲೆಂದು ಒಬ್ಬ ಮನುಷ್ಯ ತನ್ನ ಚರ್ಮ ಕೊಟ್ಟಿದ್ದ. ಅದನ್ನು ಉಪಕಾರ ಅನ್ನುವುದೋ ದಡ್ಡತನ ಅನ್ನುವುದೋ.

ಮೂರನೆಯ ದಿನ ಅಂಗಡಿಗೆ ರಜೆ ಹೇಳಿ, ವೋಲ್ಟು ಅಳೆಯುವ ಮೀಟರು ತೆಗೆದುಕೊಂಡು ತಾರಸಿ ಹತ್ತಿದಳು. ಬಿಸಿಲು ನೆತ್ತಿಯ ಮೇಲಿತ್ತು. ಪ್ಯಾನಲ್ಲಿನ ಬಾಯಲ್ಲಿ ಮೀಟರಿನ ಕಡ್ಡಿ ಇಟ್ಟರೆ ಹದಿನೇಳು ವೋಲ್ಟು. ಮೆಟ್ಟಿಲಿಳಿದು ಬಂದು, ಏದುಸಿರು ಇಳಿಯುವವರೆಗೆ ಕೂತು, ಮಂಚದ ಪಕ್ಕದ ಕಂಟ್ರೋಲರ್ ಡಬ್ಬಿಯಲ್ಲಿ ಅದೇ ವೈರಿನ ಇನ್ನೊಂದು ತುದಿ ಅಳೆದಳು. ಹನ್ನೆರಡೂವರೆ. ಮೀಟರು ಕೆಟ್ಟಿದೆಯೆಂದು ತಂಗಿಯನ್ನು ಮೇಲೆ ಕಳಿಸಿ ಮತ್ತೆ ಅಳೆಸಿದಳು. ಅದೇ.

ವೈರನ್ನು ಕೈಯಲ್ಲಿ ಹಿಡಿದು ನೋಡಿದಳು. ಸುಡುತ್ತಿರಲಿಲ್ಲ, ಬೆಚ್ಚಗಿತ್ತು ಅಷ್ಟೇ. ತಾರಸಿಯಿಂದ ಮಂಚದವರೆಗೆ ಉದ್ದಕ್ಕೂ ಸಣ್ಣಗೆ ಬೆಚ್ಚಗಾಗುತ್ತ, ಬ್ಯಾಟರಿಗೆ ಸೇರಬೇಕಾದದ್ದನ್ನು ದಾರಿಯಲ್ಲೇ ತಿಂದು ಮುಗಿಸುತ್ತಿತ್ತು. ಮನೆಯ ಕರೆಂಟಿನ ಇನ್ನೂರ ಮೂವತ್ತು ವೋಲ್ಟಿನಲ್ಲಿ ನಾಲ್ಕೈದು ಹೋದರೆ ಕೇಳುವವರಿಲ್ಲ. ಇಲ್ಲಿ ಬರುವುದೇ ಹದಿನೇಳು. ಬ್ಯಾಟರಿ ತುಂಬಬೇಕಾದರೆ ಅದರ ಬಾಯಿಗೆ ಹದಿನಾಲ್ಕಕ್ಕಿಂತ ಮೇಲೆ ಬೇಕು. ಸುಡದ ತಂತಿಯೆಲ್ಲ ಸರಿಯಾದ ತಂತಿಯಲ್ಲ ಎಂದು ಅವಳಿಗೆ ಆ ಬೆಚ್ಚನೆಯ ವೈರು ಹಿಡಿದಾಗ ಗೊತ್ತಾಯಿತು. ಗೊತ್ತಾಗಿ ಸಂತೋಷವೇನೂ ಆಗಲಿಲ್ಲ. ಇಷ್ಟು ವರ್ಷ ಕೈಯಲ್ಲಿ ತಾಮ್ರ ಹಿಡಿದು ಇದು ತಿಳಿಯಲಿಲ್ಲವಲ್ಲ ಎಂದು ಮೈಯೆಲ್ಲ ಭಾರವಾಯಿತು.

ಈಗ ಎಷ್ಟು ದಪ್ಪದ್ದು ಬೇಕು? ನೋಡಿ ನಕಲು ಮಾಡಲು ಇಲ್ಲಿ ಹಳೆಯ ಕಾಯಿಲಿಲ್ಲ. ಯಜಮಾನರನ್ನು ಕೇಳಿದಳು, ಅವರು ದಪ್ಪ ಹಾಕಿಬಿಡಮ್ಮ ಎಂದರು. ಎಷ್ಟು ದಪ್ಪ ಎಂದರೆ ಅವರಿಗೂ ತಿಳಿಯದು. ಆದರೆ ಒಂದು ಮೀಟರ್ ಉದ್ದಕ್ಕೆ ಯಾವ ದಪ್ಪದ ತಾಮ್ರ ಎಷ್ಟು ತಡೆ ಒಡ್ಡುತ್ತದೆ ಎಂಬ ಪಟ್ಟಿ ಅಂಗಡಿಯ ಗೋಡೆಯ ಮೇಲೆ ಯಾವಾಗಲೂ ಇತ್ತು. ಅದನ್ನು ಬರೆದುಕೊಂಡು ಬಂದು ಮಂಚದ ಅಂಚಿನಲ್ಲಿ ಕೂತಳು. ಮೆಟ್ಟಿಲ ದಾರಿಯ ಉದ್ದ, ಒಂಬತ್ತು ಆಂಪಿಯರ್, ತಡೆ ಎಲ್ಲ ಸೇರಿಸಿ ಗುಣಿಸಿದರೂ ಮೀಟರು ತೋರಿಸಿದ ನಷ್ಟದ ಹತ್ತಿರ ಲೆಕ್ಕ ಬರುತ್ತಿರಲಿಲ್ಲ. ಬಹಳ ಕಡಿಮೆ ಬರುತ್ತಿತ್ತು. ಎರಡು ಸಲ ಮಾಡಿ ಪೆನ್ಸಿಲು ಕೆಳಗಿಟ್ಟಳು.

ಗಂಡ ಇದನ್ನೆಲ್ಲ ನೋಡುತ್ತಿದ್ದ. ಏನು ಲೆಕ್ಕ ಎಂದು ಕೇಳಿದ. ಬೇಡವೆನ್ನಿಸಿದರೂ ಹೇಳಿದಳು, ಮೇಲಿಂದ ಕೆಳಗೆ ಇಷ್ಟು ಉದ್ದ, ಅದರಲ್ಲಿ ಇಷ್ಟು ಹೋಗಬೇಕು, ಆದರೆ ಹೋಗುತ್ತಿರುವುದು ಹೆಚ್ಚು.

“ಬರೋದು ಮಾತ್ರ ಹಿಡಿದೀಯಲ್ಲ,” ಎಂದ ಅವನು. “ನಾವು ಬಸ್ಸಿಗೆ ಡೀಸೆಲ್ ಲೆಕ್ಕ ಹಾಕೋವಾಗ ಹೋಗೋದು ಬರೋದು ಎರಡೂ ಹಿಡೀತೀವಿ. ನಿನ್ನ ಕರೆಂಟು ವಾಪಸ್ ಹೋಗಲ್ವಾ?”

ಹೋಗುತ್ತದೆ. ಎರಡು ವೈರು, ಒಂದು ಬರಲು, ಒಂದು ಹೋಗಲು. ದಾರಿ ಎರಡು ಪಟ್ಟು. ಅವಳು ಪೆನ್ಸಿಲು ಎತ್ತಿಕೊಂಡು ಮತ್ತೆ ಗುಣಿಸಿದಳು. ಈಗ ಬರಬೇಕಾದದ್ದು ಬಂತು. ಆ ಸಿಟ್ಟಿನ ಮೇಲೆ ಮೊದಲ ಸಲ ಅವನ ದಿಂಬನ್ನು ಸರಿಯಾಗಿ ಜರುಗಿಸಿ ಕೊಟ್ಟಳು.

ಬ್ಯಾಟರಿಯನ್ನೇ ತಾರಸಿಯ ಮೆಟ್ಟಿಲ ಕೋಣೆಗೆ ಒಯ್ದರೆ ದಪ್ಪ ವೈರೇ ಬೇಡವಲ್ಲ ಎಂದು ಒಮ್ಮೆ ಯೋಚಿಸಿದಳು. ಆದರೆ ಆ ಬ್ಯಾಟರಿಗೆ ಆಗಾಗ ನೀರು ಹಾಕಿ ನೋಡಿಕೊಳ್ಳಬೇಕು. ಅಷ್ಟು ಸಲ ಹತ್ತಿಳಿಯುವ ಮಂಡಿ ಅವಳದಲ್ಲ. ಅದರ ಬದಲು ದಾರಿಯನ್ನೇ ಕಡಿಮೆ ಮಾಡಬಹುದಿತ್ತು. ಬಚ್ಚಲುಮನೆಗಳ ಹಿಂದೆ ನೀರಿನ ಪೈಪುಗಳು ಇಳಿಯುವ ಕಿರಿದಾದ ಸಂದು ತಾರಸಿಯಿಂದ ನೆಲದವರೆಗೆ ನೇರವಾಗಿತ್ತು. ಅಲ್ಲಿ ಇಳಿಸಿದರೆ ಉದ್ದ ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದಕ್ಕೆ ಮೇಲಿನ ಅಂತಸ್ತಿನ ಓನರಮ್ಮ ಒಪ್ಪಬೇಕು. ಓನರಮ್ಮನಿಗೆ ಗೋಡೆಗೆ ಒಂದು ಮೊಳೆ ಹೊಡೆದರೂ ತನ್ನ ಎದೆಗೆ ಹೊಡೆದಂತೆ. ಮೆಟ್ಟಿಲ ಗೋಡೆಯ ಮೊಳೆಗಳಿಗೇ ಅವರು ಮುಖ ಊದಿಸಿಕೊಂಡಿದ್ದರು. ಕಾಯಿಲಕ್ಕ ಹೋಗಿ ಕೇಳಿಕೊಂಡಳು. ಅವರು ಕೆಳಗಿಳಿದು ಬಂದು ಮಂಚದ ಮೇಲಿದ್ದವನ ಸೊಂಟದ ಹುಣ್ಣನ್ನು ಒಮ್ಮೆ ನೋಡಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಪೈಪಿಗೆ ತಾಗದ ಹಾಗೆ ಕೊರೆಸಿಕೋ ಎಂದು ಹೋದರು.

ವೈರು ಅಂಗಡಿಯಲ್ಲಿ ಗಿರಾಕಿಗಳ ಗಲಾಟೆ. ಅಂಗಡಿಯವನು ಎಷ್ಟು ಎಂಎಂ ಕೊಡಲಿ ಎಂದು ಕೇಳಿದ. ಆ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕಾಗಿ ಬಂದದ್ದು ಅವಳಿಗೆ ಅದೇ ಮೊದಲು. ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು: ಹೊಸ ದಾರಿಯಲ್ಲಿ ನಾಲ್ಕು ಎಂಎಂ ಹಾಕಿದರೆ ಒಂದು ವೋಲ್ಟಿಗೂ ಸ್ವಲ್ಪ ಹೆಚ್ಚು ಹೋಗುತ್ತದೆ, ಆರು ಹಾಕಿದರೆ ಒಂದಕ್ಕೂ ಕಡಿಮೆ. ಹತ್ತು ಹಾಕಿದರೆ ಇನ್ನೂ ಒಳ್ಳೆಯದೇ, ಆದರೆ ಡಬ್ಬಿಯ ತೂತಿನೊಳಗೆ ಹತ್ತು ಎಂಎಂ ತುದಿ ಹೋಗುವುದಿಲ್ಲ. ಹೋಗಲೆಂದು ಎಳೆಗಳನ್ನು ಕತ್ತರಿಸಿದರೆ ದಪ್ಪ ಹಾಕಿ ಏನು ಬಂತು. ನಾಲ್ಕು ಸಾಕು, ಎಲ್ಲರೂ ನಾಲ್ಕೇ ಒಯ್ಯುತ್ತಾರೆ ಎಂದ ಅಂಗಡಿಯವನು. ಸಾಕಾಗಲೂಬಹುದಿತ್ತು. ತಾರಸಿಯ ಬಿಸಿಲಿಗೆ ಪ್ಯಾನಲ್ ಕಾದಾಗ ವೋಲ್ಟೇಜು ಇನ್ನಷ್ಟು ಇಳಿಯುವುದನ್ನು ಅವಳು ಮೀಟರಿನಲ್ಲಿ ನೋಡಿದ್ದಳು.

“ಆರು ಕೊಡಿ,” ಎಂದಳು.

ಅವನು ಒಂದು ಸುರುಳಿ ತಂದು ಎದುರಿಗೆ ಹಾಕಿದ. ನೋಡಲು ದಪ್ಪಗಿತ್ತು. ಅವಳು ಎತ್ತಿ ಹಿಡಿದಳು. ದಪ್ಪಕ್ಕೆ ತಕ್ಕ ತೂಕವಿರಲಿಲ್ಲ. ತುದಿ ಸುಲಿದು ಒಂದು ಎಳೆಯನ್ನು ಉಗುರಿನಿಂದ ಕೆರೆದಾಗ ಕೆಂಪಿನ ಒಳಗೆ ಬಿಳಿ ಕಂಡಿತು. ತಾಮ್ರದ ನೀರು ಹೊಯ್ದ ಅಲ್ಯೂಮಿನಿಯಂ. ಅವಳು ಅದನ್ನು ಅವನ ಕಡೆ ಜರುಗಿಸಿದಳು. ಅವನು ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಅದನ್ನು ಒಳಗಿಟ್ಟು ಇನ್ನೊಂದು ಸುರುಳಿ ತಂದ. ಜಗಳಕ್ಕೆ ಅವಳಿಗೂ ಶಕ್ತಿ ಇರಲಿಲ್ಲ.

ಎಳೆಯುವ ಕೆಲಸ ಅಕ್ಕತಂಗಿಯರೇ ಮಾಡಿದರು. ತಂಗಿ ತಾರಸಿಯಿಂದ, ವೈರಿಗೆಂದೇ ಹಾಕಿಸಿದ ಪ್ಲಾಸ್ಟಿಕ್ ಪೈಪಿನೊಳಗೆ ವೈರು ಇಳಿಬಿಟ್ಟಳು, ಅಕ್ಕ ಬಚ್ಚಲ ಹಿಂದಿನ ಸಂದಿನಲ್ಲಿ ಕತ್ತು ಮೇಲೆತ್ತಿ ನಿಂತು ಎಳೆದುಕೊಂಡಳು. ದಪ್ಪ ವೈರು ಹೇಳಿದ ಮಾತು ಕೇಳುವಂಥದ್ದಲ್ಲ. ಬಾಗು ಎಂದರೆ ಬಾಗುವುದಿಲ್ಲ, ನಿಲ್ಲು ಎಂದರೆ ನಿಲ್ಲುವುದಿಲ್ಲ. ಕಿಟಕಿಯ ಹತ್ತಿರದ ತಿರುವಿನಲ್ಲಿ ಅದನ್ನು ಬಗ್ಗಿಸಲು ಅವಳು ಎರಡೂ ಕೈ ಹಾಕಿ, ಮೈಭಾರ ಕೊಡಬೇಕಾಯಿತು. ಕೂದಲೆಳೆಯಂಥ ತಂತಿ ಸುತ್ತಿ ಬದುಕಿದ ಕೈಗಳಲ್ಲಿ ಸಂಜೆಯ ಹೊತ್ತಿಗೆ ಬೊಬ್ಬೆ ಎದ್ದಿದ್ದವು. ಗಂಡ ಒಳಗಿಂದಲೇ ಎಡಕ್ಕೆ, ಇನ್ನೂ ಎಡಕ್ಕೆ, ಹಿಂದೆ ಬಾ ಎಂದು ಕಂಡಕ್ಟರನ ಕೆಲಸ ಮಾಡುತ್ತಿದ್ದ. ಅವನಿಗೆ ಅಲ್ಲಿಂದ ಏನೂ ಕಾಣುತ್ತಿರಲಿಲ್ಲ.

“ಭಾವ, ಸುಮ್ನೆ ಇರಿ,” ಎಂದಳು ತಂಗಿ ಕೊನೆಗೆ.

ಮರುದಿನ ನೆತ್ತಿಯ ಬಿಸಿಲಿನಲ್ಲಿ ಅಳೆದಾಗ ಮೇಲಿನದಕ್ಕೂ ಕೆಳಗಿನದಕ್ಕೂ ಒಂದು ವೋಲ್ಟಿನ ವ್ಯತ್ಯಾಸವೂ ಇರಲಿಲ್ಲ. ಕೆಲವು ದಿನಗಳಲ್ಲಿ ಬ್ಯಾಟರಿ ಚೇತರಿಸಿಕೊಂಡು ಪೂರ್ತಿ ತುಂಬತೊಡಗಿತು. ಆಮೇಲೆ ಕರೆಂಟು ಅರ್ಧ ದಿನ ಹೋದರೂ ಪಂಪು ನಿಲ್ಲಲಿಲ್ಲ.

ಹುಣ್ಣು ಮಾತ್ರ ತನ್ನ ಹಟ ಬಿಡಲಿಲ್ಲ. ನರ್ಸಮ್ಮ ಹೇಳಿದಂತೆ ಒಡೆಯಿತು, ಆಳವಾಯಿತು. ದಿನವೂ ತೊಳೆದು, ಹತ್ತಿ ತುಂಬಿ, ಕಟ್ಟಬೇಕಿತ್ತು. ಒಮ್ಮೆ ಜ್ವರ ಬಂದು ಆಸ್ಪತ್ರೆಗೂ ಹೋಗಿ ಬಂದರು. ಬಿಸಿಲುಕಾಲ ಮುಗಿದು ಮಳೆ ಹಿಡಿದು, ಮಳೆಯೂ ನಿಂತ ಮೇಲೆ ಅದರ ಅಂಚುಗಳು ಕೂಡಿಕೊಳ್ಳತೊಡಗಿದವು. ಮೋಡದ ದಿನಗಳಲ್ಲಿ ಎಂಥ ವೈರೂ ಏನೂ ಮಾಡಲಾರದು. ಆಗ ಫ್ಯಾನು, ದೀಪ ಆರಿಸಿ ಪಂಪಿಗೊಂದಕ್ಕೇ ಉಳಿಸಿಕೊಳ್ಳುತ್ತಿದ್ದರು. ಕತ್ತಲಲ್ಲಿ ಬೆವರುತ್ತ ಕೂತು ಇಬ್ಬರೂ ಹಳೆಯ ಜಗಳಗಳನ್ನು ಸರದಿಯ ಮೇಲೆ ಆಡುತ್ತಿದ್ದರು.

ಅಷ್ಟರಲ್ಲಿ ಯಜಮಾನರು ಅಂಗಡಿ ಮುಚ್ಚಿದರು. ಸುತ್ತುವ ಯಂತ್ರವನ್ನು ಅವಳಿಗೇ ಬಿಟ್ಟರು. ಅದು ಈಗ ಮಂಚದ ಕಾಲ ಬಳಿ ಇದೆ. ಮೇಜು ಫ್ಯಾನಿನ ಸಣ್ಣ ಕಾಯಿಲುಗಳು ಬಂದರೆ ಅಲ್ಲೇ ಕೂತು ಸುತ್ತುತ್ತಾಳೆ. ಅವಳು ಎಣಿಸುವಾಗ ಗಂಡ ಬೇಕೆಂದೇ ನಡುವೆ ಬೇರೆ ಸಂಖ್ಯೆ ಹೇಳುತ್ತಾನೆ. ಕೆಲವು ದಿನ ಅವಳಿಗೆ ನಗು ಬರುತ್ತದೆ, ಕೆಲವು ದಿನ ಎದ್ದು ಹೊರಗೆ ಹೋಗುತ್ತಾಳೆ.

ಅವಳ ಮನೆಯ ಪಂಪು ನಿಲ್ಲದಿರುವುದು ಬೀದಿಗೆ ಗೊತ್ತಾಗಿ ಒಬ್ಬಿಬ್ಬರು ವೈರಿನ ವಿಚಾರ ಕೇಳಲು ಬಂದರು. ಬಂದವರಿಗೆ ಎಷ್ಟು ದೂರ, ಎಷ್ಟು ಆಂಪಿಯರ್, ಬ್ಯಾಟರಿ ಎಷ್ಟು ವೋಲ್ಟಿನದು ಎಂದು ಕೇಳಿ, ವಾಪಸು ಬರುವ ದಾರಿಯನ್ನೂ ಸೇರಿಸಿ ಲೆಕ್ಕ ಮಾಡಿ ಹೇಳಿದಳು. ಎಳೆಯಲು ಮಾತ್ರ ಬೇರೆಯವರನ್ನು ನೋಡಿಕೊಳ್ಳಿ ಎಂದಳು.

ಕೊನೆಗೆ ತಂಗಿಯೇ ಕೇಳಿದಳು. ಅವಳ ಹೊಲಿಗೆ ಕೋಣೆಗೂ ಒಂದು ಪ್ಯಾನಲ್ ಹಾಕಿಸಬೇಕು, ಅಕ್ಕ ಮುಂದೆ ನಿಂತು ಮಾಡಿಕೊಡಬೇಕು. ಇದೇ ವಾರ ಆದರೆ ಒಳ್ಳೆಯದು. ತಂಗಿಗೆ ಅದುವರೆಗೆ ಯಾವುದಕ್ಕೂ ಇಲ್ಲ ಎಂದವಳಲ್ಲ ಕಾಯಿಲಕ್ಕ. ಈ ಮನೆಗೆ ತಂಗಿ ಮಾಡಿದ್ದೂ ಕಡಿಮೆಯಲ್ಲ. ತನ್ನ ಮಂಡಿಯನ್ನು ನೀವಿಕೊಂಡಳು.

“ಈ ವಾರ ಆಗಲ್ಲ ಕಣೆ,” ಎಂದಳು. “ಮುಂದಿನ ತಿಂಗಳೂ ಆಗುತ್ತೋ ಇಲ್ವೋ. ನಂಗೆ ಸಾಕಾಗಿದೆ.”

ತಂಗಿ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಎದ್ದು ಹೋಗಿ ಮೂವರಿಗೂ ಚಹಾ ಮಾಡಿ ತಂದಳು. ಭಾವನ ತಲೆ ಎತ್ತಿ ಹಿಡಿದು ಕುಡಿಸಿದಳು. ಅಕ್ಕ ಹೊಸಿಲ ಮೇಲೆ ಕಾಲು ಚಾಚಿಕೊಂಡು, ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಆರುವವರೆಗೆ ಕುಡಿಯದೆ ಕೂತಿದ್ದಳು.